ಬರೆದ ಕಾದಂಬರಿ ಐದನೇ ಇಯತ್ತೆಯವರಿಗೋ, ಹತ್ತನೇ ಇಯತ್ತೆಯವರಿಗೋ: ನಿರ್ಧರಿಸುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಕ್ಕಳಿಗಾಗಿ ಬರೆಯುವವರಲ್ಲಿ ಶಾಲಾ ಶಿಕ್ಷಕರೇ ಹೆಚ್ಚು. ಮಕ್ಕಳ ಮಾತು, ಆಟ, ಭಯ, ಹಟ ಎಲ್ಲವನ್ನೂ ಅವರು ದಿನವೂ ಹತ್ತಿರದಿಂದ ಕಾಣುತ್ತಾರೆ. ಹಾಡು, ಸಣ್ಣಕಥೆ, ಶಾಲಾ ನಾಟಕಗಳನ್ನು ಬರೆದು ಕೈ ಪಳಗಿದ ಮೇಲೆ ಅವರಲ್ಲಿ ಕೆಲವರು ಕಾದಂಬರಿಗೆ ಕೈಹಾಕುತ್ತಾರೆ. ಬರೆದು ಮುಗಿದಾಗ ರಕ್ಷಾಪುಟದ ಮೇಲೆ ‘ಮಕ್ಕಳ ಕಾದಂಬರಿ’ ಎಂದು ಅಚ್ಚಾಗುತ್ತದೆ. ಆದರೆ ಅದನ್ನು ಓದಬೇಕಾದವನು ನಾಲ್ಕನೇ ಇಯತ್ತೆಯ ಹುಡುಗನೋ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತವನೋ ಎಂಬುದನ್ನು ಲೇಖಕರೂ ಹೇಳುವುದಿಲ್ಲ, ಪ್ರಕಾಶಕರೂ ಕೇಳುವುದಿಲ್ಲ. ಪರಿಣಾಮವಾಗಿ ಒಳ್ಳೆಯ ಪುಸ್ತಕವೊಂದು ಸಣ್ಣವರಿಗೆ ಭಾರವಾಗಿ, ದೊಡ್ಡವರಿಗೆ ಬಾಲಿಶವಾಗಿ ಕಂಡು ಗ್ರಂಥಾಲಯದ ಕಪಾಟಿನಲ್ಲೇ ಉಳಿದುಬಿಡುತ್ತದೆ. ಹಸ್ತಪ್ರತಿ ಪ್ರಕಾಶಕರ ಕೈಸೇರುವ ಮೊದಲೇ, ಸಾಧ್ಯವಾದರೆ ಎರಡನೆಯ ಕರಡು ಬರೆಯುವ ಮೊದಲೇ, ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ.

ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ಈ ವಿಂಗಡಣೆ ಬಹಳ ಕಾಲದಿಂದ ರೂಢಿಯಲ್ಲಿದೆ. ಸುಮಾರು 8ರಿಂದ 12 ವರ್ಷದ ಓದುಗರಿಗೆ ‘ಮಿಡಲ್ ಗ್ರೇಡ್’, 12ರಿಂದ 18ರವರಿಗೆ ‘ಯಂಗ್ ಅಡಲ್ಟ್’ ಎಂದು ಅಲ್ಲಿ ಹೆಸರಿಟ್ಟಿದ್ದಾರೆ. ಹಾಗೆಂದು ಗೆರೆ ಕೊರೆದಂತೆ ಬೇರೆಯಾಗಿಲ್ಲ. ಅಮೆರಿಕದಲ್ಲಿ 1922ರಿಂದ ಮಕ್ಕಳ ಪುಸ್ತಕಕ್ಕೆ ಕೊಡುತ್ತಿರುವ ನ್ಯೂಬೆರಿ ಪದಕದ ನಿಯಮದಂತೆ 14 ವರ್ಷದವರೆಗಿನವರೆಲ್ಲ ಮಕ್ಕಳೇ. 2000ದಲ್ಲಿ ಆರಂಭವಾದ ಪ್ರಿಂಟ್ಸ್ ಪ್ರಶಸ್ತಿಯಾದರೋ 12ರಿಂದ 18 ವರ್ಷದವರಿಗಾಗಿ ಬರೆದ ಪುಸ್ತಕಕ್ಕೆ ಸಲ್ಲುತ್ತದೆ. ಅಂದರೆ 12, 13, 14ರ ಓದುಗರು ಎರಡೂ ಕಡೆ ಎಣಿಕೆಗೆ ಬರುತ್ತಾರೆ. ನಮ್ಮ ಅನುಕೂಲಕ್ಕೆ ಇದನ್ನು ಇಯತ್ತೆಗಳಲ್ಲಿ ಹೇಳುವುದು ಒಳ್ಳೆಯದು: ಮೂರರಿಂದ ಏಳನೇ ಇಯತ್ತೆಯವರೆಗೆ ಒಂದು ಗುಂಪು, ಎಂಟರಿಂದ ಪಿಯುಸಿ ಎರಡನೇ ವರ್ಷದವರೆಗೆ ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಈ ಗಡಿಗೆ ಅರ್ಥವೂ ಇದೆ. ಎಷ್ಟೋ ಊರುಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆ ಮುಗಿದ ಮೇಲೆ ಪ್ರೌಢಶಾಲೆಗೆ ಬೇರೆ ಊರಿಗೆ ಬಸ್ಸಿನಲ್ಲೋ ಸೈಕಲ್ಲಿನಲ್ಲೋ ಹೋಗಬೇಕಾಗುತ್ತದೆ. ಊರಿನವರ ಕಣ್ಣಿನಿಂದ ದೂರ, ತನ್ನ ಪಾಡಿಗೆ ತಾನು ಇರುವ ಮೊದಲ ಅವಕಾಶ ಮಗುವಿಗೆ ಸಿಗುವುದು ಆಗಲೇ, ಮತ್ತು ಮಗಳನ್ನು ಮುಂದೆ ಓದಿಸಬೇಕೋ ಬೇಡವೋ ಎಂಬ ಮಾತು ಮನೆಯಲ್ಲಿ ಏಳುವುದೂ ಆಗಲೇ.

ಮೊದಲ ಹೆಜ್ಜೆ: ಕಥೆಯ ಪ್ರಶ್ನೆಯನ್ನು ಬರೆದುಕೊಳ್ಳುವುದು

ಹಸ್ತಪ್ರತಿಯನ್ನು ಪಕ್ಕಕ್ಕಿಟ್ಟು, ಒಂದು ಹಾಳೆಯ ಮೇಲೆ ಎರಡೇ ವಾಕ್ಯಗಳಲ್ಲಿ ಉತ್ತರ ಬರೆಯಿರಿ. ಕಥಾನಾಯಕನಿಗೋ ನಾಯಕಿಗೋ ಏನು ಬೇಕಾಗಿದೆ? ಅದು ಸಿಕ್ಕರೆ ಅಥವಾ ಸಿಗದೇಹೋದರೆ ಬದಲಾಗುವುದು ಏನು? ಇಲ್ಲಿ ಊರು, ಕಾಲ, ಸಂದೇಶ ಯಾವುದನ್ನೂ ಸೇರಿಸಬಾರದು. ‘ಪರಿಸರ ಪ್ರಜ್ಞೆ ಮೂಡಿಸುವ ಕಾದಂಬರಿ’ ಎಂಬಂಥ ಉತ್ತರ ಬಂದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯಬೇಕು, ಏಕೆಂದರೆ ಅದು ಲೇಖಕರ ಆಸೆಯೇ ಹೊರತು ಪಾತ್ರದ ಆಸೆಯಲ್ಲ.

ಬರೆದ ಉತ್ತರವನ್ನು ಈಗ ನೋಡಿ. ಕಳೆದುಹೋದದ್ದನ್ನು ಹುಡುಕುವುದು, ಗೆಳೆಯನನ್ನು ಮತ್ತೆ ಗೆಲ್ಲುವುದು, ಗುಟ್ಟೊಂದನ್ನು ಬಿಡಿಸುವುದು, ಎಮ್ಮೆಯನ್ನೋ ಮನೆಯನ್ನೋ ಶಾಲೆಯನ್ನೋ ಉಳಿಸುವುದು ಮುಂತಾದ ಆಸೆಗಳಿದ್ದರೆ, ಮತ್ತು ಅದು ಕೈಗೂಡಿದಾಗ ಆ ಮಗು ತನ್ನ ಮನೆ, ಓಣಿ, ಗೆಳೆಯರ ನಡುವೆ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂದಾದರೆ, ನಿಮ್ಮ ಕಾದಂಬರಿ ಸಣ್ಣವರ ಕಡೆಗೆ ವಾಲಿದೆ. ಹಾಗಲ್ಲದೆ, ‘ಈ ಮನೆಯಲ್ಲಿ ನಾನು ಯಾರು, ಇವರು ಹೇಳಿದ್ದನ್ನೆಲ್ಲ ನಾನು ನಂಬಬೇಕೆ, ಹೋಗಲೋ ಇರಲೋ’ ಎಂಬುದು ಒಳಗಿನಿಂದ ಎದ್ದುಬಂದರೆ, ಮತ್ತು ಉತ್ತರ ಏನೇ ಆದರೂ ಮೊದಲಿನ ಜಾಗಕ್ಕೆ ಮೊದಲಿನಂತೆ ಮರಳಲಾಗದು ಎಂದಾದರೆ, ಅದು ಹದಿಹರೆಯದವರ ಕಾದಂಬರಿ. ಉಳಿದ ಹೆಜ್ಜೆಗಳೆಲ್ಲ ಈ ಉತ್ತರವನ್ನು ಪರೀಕ್ಷಿಸಿ ನೋಡಲಿಕ್ಕಾಗಿಯೇ ಇವೆ.

ಎರಡನೆಯ ಹೆಜ್ಜೆ: ಪಾತ್ರದ ವಯಸ್ಸು

ಮಕ್ಕಳು ಸಾಮಾನ್ಯವಾಗಿ ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಯನ್ನು ಇಷ್ಟಪಟ್ಟು ಓದುತ್ತಾರೆ. ತಮಗಿಂತ ಸಣ್ಣವರ ಕಥೆಯನ್ನು ಕೈಯಲ್ಲಿ ಹಿಡಿಯುವುದಕ್ಕೂ ನಾಚುತ್ತಾರೆ. ಆದ್ದರಿಂದ ಮೊದಲ ಗುಂಪಿನ ಕಾದಂಬರಿಗೆ 10ರಿಂದ 12 ವರ್ಷದ ಪಾತ್ರ, ಎರಡನೆಯ ಗುಂಪಿಗೆ 15ರಿಂದ 17ರ ಪಾತ್ರ ಹೊಂದುತ್ತದೆ. ಕಷ್ಟ ಬರುವುದು 13, 14ರಲ್ಲಿ. ನಿಮ್ಮ ನಾಯಕಿಗೆ 13 ವರ್ಷವಾಗಿದ್ದು, ಆ ವಯಸ್ಸೇ ಕಥೆಗೆ ಅನಿವಾರ್ಯವಲ್ಲದಿದ್ದರೆ, ಮೊದಲ ಹೆಜ್ಜೆಯ ಉತ್ತರಕ್ಕೆ ತಕ್ಕಂತೆ ಅದನ್ನು 12ಕ್ಕೆ ಇಳಿಸುವುದು ಅಥವಾ 15ಕ್ಕೆ ಏರಿಸುವುದು ಮೇಲು. ಏರಿಸಿದರೆ ಬರೀ ಅಂಕಿ ಬದಲಿಸಿದರೆ ಸಾಲದು. 15ರ ಹುಡುಗಿಗೆ ಮನೆಯಲ್ಲಿ ಬರುವ ಕೆಲಸ, ಅವಳ ಮೇಲಿನ ನಿರ್ಬಂಧ, ಮೊಬೈಲು ಅವಳ ಕೈಗೆ ಸಿಗುವ ಹೊತ್ತು, ಎಲ್ಲವೂ ಬದಲಾಗಬೇಕಾಗುತ್ತದೆ.

ಕಥೆ ಹಲವು ವರ್ಷಗಳ ಮೇಲೆ ಹರಡಿದ್ದರೆ, ಪಾತ್ರದ ಜೊತೆಗೆ ಓದುಗರೂ ಬೆಳೆಯಲಿ ಎಂದು ಕೆಲವರು ವಾದಿಸುತ್ತಾರೆ. ಹ್ಯಾರಿ ಪಾಟರ್ ಸರಣಿಯಲ್ಲಿ ಹನ್ನೊಂದು ತುಂಬುವ ಹುಡುಗ ಕೊನೆಯ ಪುಸ್ತಕದ ಹೊತ್ತಿಗೆ ಹದಿನೇಳಾಗುತ್ತಾನೆ ಎಂಬುದು ನಿಜ. ಆದರೆ ಆ ಏಳು ಪುಸ್ತಕಗಳು 1997ರಿಂದ 2007ರವರೆಗೆ ಒಂದೊಂದಾಗಿ ಹೊರಬಂದವು, ಮೊದಲ ಓದುಗರಿಗೆ ಬೆಳೆಯಲು ಆ ಹತ್ತು ವರ್ಷಗಳಿದ್ದವು. ನೂರಾ ಐವತ್ತು ಪುಟದ ಒಂದೇ ಪುಸ್ತಕದಲ್ಲಿ ಹಾಗೆ ಮಾಡಿದರೆ ಮೊದಲರ್ಧವನ್ನು ಒಬ್ಬ ಓದುಗ ಬಿಡುತ್ತಾನೆ, ಎರಡನೆಯರ್ಧವನ್ನು ಇನ್ನೊಬ್ಬ ಮುಟ್ಟುವುದೇ ಇಲ್ಲ.

ಮೂರನೆಯ ಹೆಜ್ಜೆ: ಒಂದೇ ಸನ್ನಿವೇಶವನ್ನು ಎರಡು ಬಗೆಯಲ್ಲಿ ಬರೆದು ನೋಡುವುದು

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆ ಇದು. ಹೊತ್ತು ಹಿಡಿಯುತ್ತದೆ, ಆದರೂ ಬಿಡಬಾರದು. ಕಾದಂಬರಿಯ ನಡುಭಾಗದಿಂದ ಮುಖ್ಯವಾದ ಒಂದು ಸನ್ನಿವೇಶವನ್ನು ಆರಿಸಿ, ಒಮ್ಮೆ 11ರ ಪಾತ್ರದಿಂದ, ಇನ್ನೊಮ್ಮೆ 16ರ ಪಾತ್ರದಿಂದ ಬರೆಯಿರಿ. ಉದಾಹರಣೆಗೆ 2019ರ ಆಗಸ್ಟ್‌ನ ಪ್ರವಾಹವನ್ನೇ ತೆಗೆದುಕೊಳ್ಳೋಣ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಹೊಳೆಗಳು ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರನ್ನೇ ತೆರವು ಮಾಡಬೇಕಾಗಿ ಬಂದ ಆ ದಿನಗಳು ಇಲ್ಲಿಯ ಬರಹಗಾರರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿವೆ. ಆ ಬಗ್ಗೆ ಮಕ್ಕಳಿಗಾಗಿ ಬರೆಯುವ ಆಸೆ ಹಲವರಿಗಿದೆ. ಹೊಳೆದಂಡೆಯ ಊರೊಂದರ ಕಲ್ಪಿತ ಸನ್ನಿವೇಶ ಮೊದಲ ಬಗೆಯಲ್ಲಿ ಹೀಗಿರಬಹುದು:

“ನೀರು ತುಳಸಿಕಟ್ಟೆಯ ಬುಡಕ್ಕೆ ಬಂದಿತ್ತು. ಬಸು ದನದ ಕೊಟ್ಟಿಗೆಯೊಳಗೆ ನುಗ್ಗಿ ಗೌರಿಯ ಹಗ್ಗದ ಗಂಟಿಗೆ ಕೈಹಾಕಿದ. ಗಂಟು ನೆಂದು ಬಿಗಿದಿತ್ತು. ‘ಬಸ್ಯಾ, ಲಗೂ ಬಾರೊ, ಟ್ರ್ಯಾಕ್ಟರ್ ಹೊಂಟೈತಿ!’ ಎಂದು ಅಪ್ಪ ಕೂಗಿದ. ‘ಗೌರೀನ ಬಿಟ್ಟ ಹೆಂಗ ಬರ್ಲಿ ಅಪ್ಪಾ?’ ಬಸು ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದ. ಹಗ್ಗ ಕೊಂಚ ಸಡಿಲಾಯಿತು. ಅಷ್ಟರಲ್ಲಿ ಅಪ್ಪ ಮೊಣಕಾಲುದ್ದ ನೀರಿನಲ್ಲಿ ನಡೆದು ಬಂದು ಅವನ ಪಕ್ಕದಲ್ಲಿ ಕೂತ, ಸೊಂಟದ ಕುಡಗೋಲು ತೆಗೆದ.”

ಎರಡನೆಯದು ಬಸುವಿನ ಅಕ್ಕ ಹೇಳುವುದು:

“ಟ್ರ್ಯಾಕ್ಟರಿನಲ್ಲಿ ನನ್ನ ಪುಸ್ತಕದ ಚೀಲಕ್ಕೆ ಜಾಗ ಇರಲಿಲ್ಲ, ಸಾಲ ಮಾಡಿ ತಂದ ಪೈಪುಗಳಿಗೆ ಇತ್ತು. ‘ಪುಸ್ತಕ ಮತ್ತ ಸಿಗ್ತಾವ ಬೇ, ಪೈಪ್ ಯಾರ್ ಕೊಡ್ತಾರ?’ ಎಂದ ಅಪ್ಪ. ಅವನು ಹೇಳಿದ್ದು ತಪ್ಪಲ್ಲ. ತಪ್ಪಲ್ಲವೆಂದು ಗೊತ್ತಿದ್ದದ್ದಕ್ಕೇ ಅಳು ಬಂತು. ಅದು ಅವನಿಗೆ ಕಾಣದಿರಲೆಂದು ಗೌರಿಯ ಹಗ್ಗ ಬಿಚ್ಚಲು ಕೊಟ್ಟಿಗೆಗೆ ಹೋದೆ. ಬಸು ಆಗಲೇ ಅಲ್ಲಿದ್ದ. ಅವನಿಗಾಗಿ ಅಪ್ಪ ನೀರಿಗಿಳಿದ.”

ಅದೇ ನೀರು, ಅದೇ ಹಗ್ಗ, ಅದೇ ಅಪ್ಪ. ಬಸುವಿನ ಪ್ರಶ್ನೆಗೆ ಉತ್ತರ ಅವನ ಕೈಯೆದುರೇ ಇದೆ. ಗಂಟು ಬಿಚ್ಚಿದರೆ ಆಕಳು ಉಳಿಯುತ್ತದೆ, ಅವಸರದಲ್ಲಿದ್ದರೂ ಅಪ್ಪ ಅವನ ಬೆನ್ನಿಗೆ ಬರುತ್ತಾನೆ. ಅಕ್ಕನಿಗೆ ಕಾಣುವ ಅಪ್ಪ ಸಾಲ ಹೊತ್ತ ಒಬ್ಬ ಮನುಷ್ಯ. ಅವನ ಲೆಕ್ಕ ಅವಳಿಗೆ ಅರ್ಥವಾಗುತ್ತದೆ, ಆ ಲೆಕ್ಕದಲ್ಲಿ ತಾನು ಎಲ್ಲಿದ್ದೇನೆ ಎಂಬುದೂ ಅರ್ಥವಾಗುತ್ತದೆ, ಮತ್ತು ಆ ಅರ್ಥವನ್ನು ಯಾವ ಹಗ್ಗ ಬಿಚ್ಚಿದರೂ ಮರೆಯಲಾಗದು. ಮೊದಲನೆಯದರಲ್ಲಿ ಭಾವನೆ ಇಲ್ಲವೆಂದಲ್ಲ, ಅದು ಕ್ರಿಯೆಯಲ್ಲಿದೆ. ಎರಡನೆಯದರಲ್ಲಿ ಕ್ರಿಯೆ ಇಲ್ಲವೆಂದಲ್ಲ, ಅದು ಭಾವನೆಯನ್ನು ಮುಚ್ಚಿಡಲು ಬಂದಿದೆ.

ನಿಮ್ಮ ಸನ್ನಿವೇಶವನ್ನು ಹೀಗೆ ಎರಡು ಸಲ ಬರೆದಾಗ ಯಾವುದು ಸರಾಗವಾಗಿ ಬಂತು, ಯಾವುದರಲ್ಲಿ ಕೈ ತಡವರಿಸಿತು ಎಂಬುದನ್ನು ಗಮನಿಸಬೇಕು. 11ರ ಬಾಲಕನ ಬಾಯಲ್ಲಿ 16ರವಳ ಅರಿವನ್ನು ತುಂಬುತ್ತಿದ್ದೀರಿ ಎಂಬುದು ಸಾಮಾನ್ಯವಾಗಿ ಇಲ್ಲಿಯೇ ಗೊತ್ತಾಗುವುದು. ಹಾಗೆ ಗೊತ್ತಾದರೆ ಆ ಅರಿವನ್ನು ಬಿಡಬೇಕೆಂದಿಲ್ಲ, ಅದನ್ನು ಹೊರಬಲ್ಲ ಪಾತ್ರಕ್ಕೆ ಕಥೆಯನ್ನು ಒಪ್ಪಿಸಬೇಕು.

ನಾಲ್ಕನೆಯ ಹೆಜ್ಜೆ: ಹೇಳುತ್ತಿರುವವರು ಮಗುವೋ, ಮಗುವಾಗಿದ್ದವರೋ

ಮೂರನೆಯದೊಂದು ಸಾಧ್ಯತೆಯನ್ನು ಇಲ್ಲಿ ಪರಿಶೀಲಿಸಲೇಬೇಕು. ಬಾಲ್ಯದ ಬಗ್ಗೆ ಬರೆದ ಕಾದಂಬರಿಗಳೆಲ್ಲ ಮಕ್ಕಳ ಕಾದಂಬರಿಗಳಲ್ಲ; ಅವುಗಳಲ್ಲಿ ಬಹಳಷ್ಟು ದೊಡ್ಡವರಿಗಾಗಿ ಇರುವಂಥವು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿ, ಜನ ನವನಗರಕ್ಕೆ ಬಂದು ನೆಲೆಸಿದ ಕಥೆಯನ್ನು ಅಲ್ಲಿ ಬೆಳೆದವರೊಬ್ಬರು ಬರೆಯುತ್ತಾರೆ ಎಂದಿಟ್ಟುಕೊಳ್ಳಿ. ‘ಆ ಬೇವಿನ ಮರದ ನೆರಳು ಇನ್ನೆಂದೂ ಸಿಗಲಾರದೆಂದು ಆಗ ನನಗೆ ತಿಳಿದಿರಲಿಲ್ಲ’ ಎಂಬ ವಾಕ್ಯ ಆ ಬರಹದಲ್ಲಿ ತಾನಾಗಿಯೇ ಬರುತ್ತದೆ. ಲೇಖಕರ ವಯಸ್ಸಿನವರಿಗೆ ಅದು ತಟ್ಟುವ ವಾಕ್ಯ. ಆದರೆ ನವನಗರದ ಸೆಕ್ಟರಿನಲ್ಲೇ ಹುಟ್ಟಿದ ಹನ್ನೊಂದರ ಹುಡುಗಿಗೆ ನೆನೆಯಲು ಹಳೆಯ ಊರು ಇಲ್ಲ. ಮನೆ ಬಿಡುವ ದಿನ ಪೆಟ್ಟಿಗೆಯಲ್ಲಿ ಏನು ಹಾಕಿದರು, ಬೆಕ್ಕನ್ನು ಯಾರು ಹಿಡಿದರು, ಹೊಸ ಶಾಲೆಯಲ್ಲಿ ಮೊದಲ ದಿನ ಯಾರ ಪಕ್ಕ ಕೂತರು ಎಂಬುದು ಅವಳಿಗೆ ಬೇಕು.

ಪರೀಕ್ಷಿಸುವ ಬಗೆ ಸರಳವಾಗಿದೆ. ಕೆಂಪು ಪೆನ್ನಿನಿಂದ, ಕಥೆಯ ಮಗುವಿಗೆ ಆ ಕ್ಷಣದಲ್ಲಿ ತಿಳಿದಿರಲಾರದ ಪ್ರತಿಯೊಂದು ಮಾತಿನ ಕೆಳಗೂ ಗೆರೆ ಎಳೆಯಿರಿ: ‘ಆಗಿನ ಕಾಲದಲ್ಲಿ’, ‘ಈಗ ಯೋಚಿಸಿದರೆ’, ‘ಮುಗ್ಧ ಮನಸ್ಸು’, ‘ಆ ದಿನಗಳು’. ಅಂಥ ಗೆರೆಗಳು ಅಲ್ಲೊಂದು ಇಲ್ಲೊಂದು ಇದ್ದರೆ ತೆಗೆದುಹಾಕಬಹುದು. ಪುಟಪುಟವೂ ಕೆಂಪಾದರೆ ಮತ್ತು ಅವುಗಳನ್ನು ತೆಗೆದ ಮೇಲೆ ಕಥೆಯ ಜೀವವೇ ಹೋದಂತಾದರೆ, ಅದನ್ನು ದೊಡ್ಡವರ ಕಾದಂಬರಿಯಾಗಿಯೇ ಪ್ರಕಟಿಸಬೇಕು. ಮಕ್ಕಳ ಪುಸ್ತಕಗಳ ಸಾಲಿಗೆ ಅದನ್ನು ನೂಕುವುದರಿಂದ ಮಕ್ಕಳಿಗೂ ನಷ್ಟ, ಆ ಬರಹಕ್ಕೂ ಅನ್ಯಾಯ.

ಹದಿಹರೆಯದವರ ಕಾದಂಬರಿಯಲ್ಲಿ ‘ನಾನು’ ಎಂದು ಹೇಳುವ ನಿರೂಪಣೆ ಹೆಚ್ಚಾಗಿ ಕಂಡುಬರುತ್ತದೆ, ಸಣ್ಣವರದರಲ್ಲಿ ‘ಅವನು’, ‘ಅವಳು’ ಎಂಬುದು ಹೆಚ್ಚು. ಇದು ರೂಢಿಯೇ ಹೊರತು ನಿಯಮವಲ್ಲ. ಗಮನಿಸಬೇಕಾದದ್ದು ದೂರವನ್ನು. 16ರವಳು ನಿನ್ನೆ ನಡೆದದ್ದನ್ನು ಇಂದು ಹೇಳುತ್ತಿರುವಂತಿರಬೇಕು, ಮೂವತ್ತು ವರ್ಷದ ನಂತರ ಕುರ್ಚಿಯಲ್ಲಿ ಕೂತು ನೆನೆಯುತ್ತಿರುವಂತೆ ಅಲ್ಲ.

ಐದನೆಯ ಹೆಜ್ಜೆ: ಕಠಿಣ ವಿಷಯಗಳು

ಸಾವು, ಸಾಲ, ಗುಳೆ, ಕುಡಿತ, ಬಾಲ್ಯವಿವಾಹ, ಜಾತಿಯ ಅವಮಾನ ಇವು ಬಂದ ಕೂಡಲೇ ‘ಇದು ಮಕ್ಕಳಿಗಲ್ಲ’ ಎಂದು ತೀರ್ಮಾನಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇಂಡಿ, ಸಿಂದಗಿ ಕಡೆಯಿಂದ ದುಡಿಮೆಗಾಗಿ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೊರಟ ಅವ್ವ ಅಪ್ಪನನ್ನು ಬಸ್ ನಿಲ್ದಾಣದಲ್ಲಿ ಬೀಳ್ಕೊಟ್ಟು ಆಯಿಯ ಹತ್ತಿರ ಉಳಿದ ನಾಲ್ಕನೇ ಇಯತ್ತೆಯ ಮಗುವಿಗೆ ಗುಳೆ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಬದುಕಿನಲ್ಲಿ ಇರುವುದನ್ನು ಅದರ ಪುಸ್ತಕದಿಂದ ದೂರವಿಡುವುದು ನ್ಯಾಯವಲ್ಲ. ಕಬ್ಬು ನುರಿಸುವ ಹಂಗಾಮು ಶುರುವಾದಾಗ ಗದ್ದೆಯಂಚಿನ ಗುಡಿಸಲುಗಳಿಗೆ ಬಂದು ಸೇರುವ ಕುಟುಂಬಗಳ ಮಕ್ಕಳ ಮಾತೂ ಅಷ್ಟೇ. ಅಂಥ ವಿಷಯ ಇರಬೇಕೋ ಬೇಡವೋ ಎನ್ನುವ ಬದಲು, ಅದನ್ನು ಎಷ್ಟು ಹತ್ತಿರದಿಂದ ತೋರಿಸುತ್ತೀರಿ, ಅದು ನಡೆದ ಮೇಲೆ ಮಗುವಿನ ಜೊತೆಗೆ ಯಾರಿದ್ದಾರೆ, ಕೊನೆಯ ಪುಟದಲ್ಲಿ ಅದನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿಕೊಳ್ಳಬೇಕು.

ಬಾಲ್ಯವಿವಾಹವನ್ನು ನೋಡಿ. 2006ರ ಕಾಯ್ದೆಯಂತೆ ಹೆಣ್ಣಿಗೆ 18, ಗಂಡಿಗೆ 21 ವರ್ಷ ತುಂಬುವ ಮೊದಲು ಮದುವೆ ಮಾಡುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಆ ಭಯ ನಮ್ಮ ಹುಡುಗಿಯರ ಬದುಕಿನಿಂದ ಹೋಗಿಲ್ಲ. ಆರನೇ ಇಯತ್ತೆಯವರಿಗಾಗಿ ಬರೆಯುವಾಗ, ನಾಯಕಿ ತನ್ನ ಗೆಳತಿಯ ಅಕ್ಕನ ಮದುವೆಯ ಸುದ್ದಿ ಕೇಳಿ, ಅದು ಸರಿಯಲ್ಲವೆಂದು ಅನಿಸಿ, ಶಿಕ್ಷಕಿಗೆ ಹೇಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಗುವವರೆಗಿನ ಧೈರ್ಯವನ್ನು ಕಥೆ ಮಾಡಬಹುದು. ಅಲ್ಲಿ ಮಗುವಿನ ಮಾತನ್ನು ನಂಬುವ ಒಬ್ಬರಾದರೂ ಹಿರಿಯರು ಇರಲೇಬೇಕು. ಪಿಯುಸಿ ಹುಡುಗಿಯರಿಗೆ ಬರೆಯುವಾಗ ಮದುವೆ ನಿಶ್ಚಯವಾದವಳೇ ನಾಯಕಿ. ಹೇಳಿದರೆ ಅಪ್ಪ ಪೊಲೀಸ್ ಠಾಣೆಗೆ ಹೋಗುತ್ತಾನೆ, ಹೇಳದಿದ್ದರೆ ತಾನು ಅತ್ತೆಯ ಮನೆಗೆ ಹೋಗುತ್ತೇನೆ ಎಂಬ ಇಕ್ಕಟ್ಟಿನಲ್ಲಿ ಅವಳನ್ನು ಒಂಟಿಯಾಗಿ ನಿಲ್ಲಿಸಬಹುದು. ಮದುವೆ ನಿಂತ ಮೇಲೂ ಅವ್ವ ಮಾತಾಡಿಸದ ದಿನಗಳನ್ನು ಬರೆಯಬಹುದು. ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತಣ ದೇವದಾಸಿ ಪದ್ಧತಿ 1982ರ ರಾಜ್ಯ ಕಾಯ್ದೆಯಿಂದ ನಿಷಿದ್ಧವಾಗಿದ್ದರೂ, ಅದರ ನೆರಳಿನಲ್ಲಿ ಬೆಳೆದವರ ಮಕ್ಕಳು ಇಂದಿಗೂ ಶಾಲೆಯಲ್ಲಿದ್ದಾರೆ. ಆ ಕಥೆಯನ್ನು ಸಣ್ಣವರಿಗೆ ಬರೆಯುವುದಾದರೆ, ಅರ್ಜಿ ನಮೂನೆಯಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ ಬಿಡಬೇಕಾದ ಮಗುವಿನ ಮುಜುಗರದವರೆಗೆ ಹೋಗಿ ನಿಲ್ಲಬೇಕು. ಅದರ ಆಚೆಗಿನದು ದೊಡ್ಡ ಮಕ್ಕಳ ಪುಸ್ತಕಕ್ಕೆ ಸೇರಿದ್ದು.

ಒಂದು ವಿಷಯದಲ್ಲಿ ಮಾತ್ರ ರಿಯಾಯಿತಿ ಇರಕೂಡದು. ಆತ್ಮಹತ್ಯೆ ಕಥೆಯಲ್ಲಿ ಬಂದರೆ, ಅದು ನಡೆದ ವಿಧಾನವನ್ನು ಯಾವ ವಯಸ್ಸಿನವರ ಪುಸ್ತಕದಲ್ಲೂ ವಿವರಿಸಬಾರದು, ಅದನ್ನು ಸಮಸ್ಯೆಗೆ ಪರಿಹಾರವೆಂಬಂತೆಯೋ ಸೇಡು ತೀರಿದಂತೆಯೋ ಚಿತ್ರಿಸಬಾರದು. ರೈತ ಕುಟುಂಬದ ಕಥೆ ಬರೆಯುವವರು ಇದನ್ನು ಬಹಳ ಎಚ್ಚರದಿಂದ ಪಾಲಿಸಬೇಕು, ಏಕೆಂದರೆ ಓದುವವರ ಮನೆಯಲ್ಲೇ ಅದು ನಡೆದಿರಬಹುದು. ಹದಿಹರೆಯದವರ ಕಾದಂಬರಿಯ ಕೊನೆಯ ಪುಟದಲ್ಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಮತ್ತು ಮಕ್ಕಳ ಸಹಾಯವಾಣಿ 1098 ಎರಡನ್ನೂ ಅಚ್ಚು ಹಾಕಿಸುವಂತೆ ಪ್ರಕಾಶಕರನ್ನು ಕೇಳಿಕೊಳ್ಳಿ.

ಒಲವು, ದೇಹ

ಆರನೇ, ಏಳನೇ ಇಯತ್ತೆಯವರ ಕಥೆಯಲ್ಲಿ ಒಲವು ಎಂದರೆ ಒಬ್ಬರನ್ನು ಕಂಡಾಗ ಮುಖ ಕೆಂಪಾಗುವುದು, ಗೆಳೆಯರು ಚುಡಾಯಿಸುವುದು, ಅಷ್ಟೇ ಸಾಕು. ಅದು ಕಥೆಯ ಬೆನ್ನೆಲುಬಾಗಬೇಕಿಲ್ಲ. ಮುಟ್ಟಾಗುವುದನ್ನು ಮಾತ್ರ ಸಂಕೋಚವಿಲ್ಲದೆ ಬರೆಯಬೇಕು, ಅದು ಬಹಳ ಹುಡುಗಿಯರಿಗೆ ಪ್ರಾಥಮಿಕ ಶಾಲೆಯಲ್ಲಿಯೇ ಆಗುತ್ತದೆ. ಹದಿಹರೆಯದವರ ಪುಸ್ತಕದಲ್ಲಿ ಪ್ರೀತಿ, ಅಸೂಯೆ, ತಿರಸ್ಕಾರ, ಮೊಬೈಲಿನಲ್ಲಿ ಹರಿದಾಡಿದ ಫೋಟೊ, ಊರಿನ ಬಾಯಿ ಎಲ್ಲಕ್ಕೂ ಜಾಗವಿದೆ. ಆದರೆ 18 ತುಂಬದ ಪಾತ್ರಗಳ ಲೈಂಗಿಕ ವರ್ಣನೆಗೆ ಎಲ್ಲಿಯೂ ಜಾಗವಿಲ್ಲ. 2012ರ ಪೋಕ್ಸೊ ಕಾಯ್ದೆಯಡಿ 18ರ ಒಳಗಿನವರೆಲ್ಲ ಮಕ್ಕಳೇ ಎಂಬುದನ್ನು ಕಥೆ ಹೆಣೆಯುವಾಗಲೂ ನೆನಪಿಟ್ಟುಕೊಳ್ಳಬೇಕು; ಪ್ರೀತಿಸಿ ಓಡಿಹೋದ 16ರ ಹುಡುಗಿ, 19ರ ಹುಡುಗನ ಕಥೆಯಲ್ಲಿ ಆ ಕಾನೂನು ಒಂದು ಪಾತ್ರದಷ್ಟೇ ನಿಜವಾಗಿ ಬಂದು ನಿಲ್ಲುತ್ತದೆ.

ಭಾಷೆ ಮತ್ತು ಗಾತ್ರ

ನಿರೂಪಣೆ ಪುಸ್ತಕದ ಕನ್ನಡದಲ್ಲಿ, ಸಂಭಾಷಣೆ ನಮ್ಮ ಕಡೆಯ ಮಾತಿನಲ್ಲಿ ಎಂಬ ಹಂಚಿಕೆ ಎರಡೂ ಗುಂಪಿಗೆ ಚೆನ್ನಾಗಿ ಹೊಂದುತ್ತದೆ. ಸಣ್ಣವರಿಗೆ ಬರೆಯುವಾಗ ಆಡುಮಾತಿನ ಬರವಣಿಗೆಯನ್ನು ಒಂದೇ ರೀತಿ ಇಟ್ಟುಕೊಳ್ಳಬೇಕು. ಒಂದು ಪುಟದಲ್ಲಿ ‘ಹೊಂಟೈತಿ’, ಇನ್ನೊಂದರಲ್ಲಿ ‘ಹೊಂಟದ’ ಎಂದು ಬರೆದರೆ, ಆಗತಾನೇ ಸರಾಗವಾಗಿ ಓದಲು ಕಲಿತ ಮಗು ಎಡವುತ್ತದೆ. ಬೆಳಗಾವಿಯ ಹುಡುಗರ ಮಾತಿನಲ್ಲಿ ಬೆರೆತ ಮರಾಠಿಯನ್ನು ಹದಿಹರೆಯದವರ ಕಾದಂಬರಿಯಲ್ಲಿ ಧಾರಾಳವಾಗಿ ಬಳಸಬಹುದು. ಸಣ್ಣವರದರಲ್ಲಿ ಸನ್ನಿವೇಶದಿಂದಲೇ ಅರ್ಥವಾಗುವಷ್ಟು ಸಾಕು, ಏಕೆಂದರೆ ಅದೇ ಪುಸ್ತಕ ಮುದ್ದೇಬಿಹಾಳದ ಮಗುವಿನ ಕೈಗೂ ಹೋಗುತ್ತದೆ. ಸಣ್ಣವರಿಗೆ ಕಠಿಣ ಪದ ಬೇಡವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರನ್ನು ದಣಿಸುವುದು ಪದವಲ್ಲ, ಕ್ರಿಯಾಪದ ಬರುವಷ್ಟರಲ್ಲಿ ಕರ್ತೃವೇ ಮರೆತುಹೋಗುವಷ್ಟು ಉದ್ದದ ವಾಕ್ಯ.

ಇಂಗ್ಲಿಷಿನಲ್ಲಿ ಮಿಡಲ್ ಗ್ರೇಡ್ ಕಾದಂಬರಿಗೆ ಸುಮಾರು 30,000ದಿಂದ 50,000 ಪದ, ಯಂಗ್ ಅಡಲ್ಟ್‌ಗೆ 50,000ದಿಂದ 80,000 ಪದ ಎಂಬ ಅಂದಾಜಿದೆ. ಆ ಅಂಕಿಗಳನ್ನು ಹಾಗೆಯೇ ಕನ್ನಡಕ್ಕೆ ತರಬಾರದು. ವಿಭಕ್ತಿ ಪ್ರತ್ಯಯಗಳು ಪದದೊಳಗೇ ಸೇರಿಕೊಳ್ಳುವ ನಮ್ಮ ಭಾಷೆಯಲ್ಲಿ ಅದೇ ಕಥೆಗೆ ಪದಗಳ ಎಣಿಕೆ ಗಣನೀಯವಾಗಿ ಕಡಿಮೆಯಾಗುತ್ತದೆ. ಪುಟದ ಲೆಕ್ಕದಲ್ಲಿ, ಸಣ್ಣವರಿಗೆ ದೊಡ್ಡ ಅಕ್ಷರದಲ್ಲಿ ಚಿತ್ರಗಳೊಂದಿಗೆ 80ರಿಂದ 130 ಪುಟ, ಹದಿಹರೆಯದವರಿಗೆ ಇನ್ನೂರರ ಆಚೀಚೆ ಇದ್ದರೆ ಸಾಕೆಂದು ನನ್ನ ಅಭಿಪ್ರಾಯ. ಗಾತ್ರ ನೋಡಿ ಗುಂಪನ್ನು ನಿರ್ಧರಿಸುವುದು ಮಾತ್ರ ಹಿಂದುಮುಂದಾದ ಕ್ರಮ.

ಓದಿಸಿ ನೋಡುವುದು

ಇಷ್ಟಾದ ಮೇಲೆ ಹಸ್ತಪ್ರತಿಯನ್ನು ಮಕ್ಕಳ ಕೈಗೆ ಕೊಡಬೇಕು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರ, ಇದಕ್ಕೆ ತಕ್ಕ ಜಾಗ. ‘ಓದುವ ಬೆಳಕು’ ಕಾರ್ಯಕ್ರಮದಿಂದಾಗಿ ಅಲ್ಲಿಗೆ ಬರುವ ಮಕ್ಕಳಿಗೆ ಪಠ್ಯದ ಹೊರಗಿನ ಓದು ಹೊಸದಲ್ಲ. ಗ್ರಂಥಪಾಲಕರ, ಪಾಲಕರ ಒಪ್ಪಿಗೆ ಪಡೆದು, ಐದರಿಂದ ಏಳನೇ ಇಯತ್ತೆಯ ಕೆಲವರಿಗೆ, ಒಂಬತ್ತು ಹತ್ತನೆಯ ಕೆಲವರಿಗೆ ಮೊದಲ ಮೂರು ಅಧ್ಯಾಯಗಳ ಪ್ರತಿ ಕೊಡಿ. ಬರೆದವರು ನೀವೆಂದು ಹೇಳಬೇಡಿ. ಗುರುಗಳು ಬರೆದದ್ದೆಂದು ಗೊತ್ತಾದರೆ ಎಲ್ಲ ಮಕ್ಕಳೂ ‘ಭಾಳ ಚಲೋ ಐತ್ರಿ ಸರ’ ಎನ್ನುತ್ತಾರೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

‘ಹೇಗಿದೆ’ ಎಂದು ಕೇಳುವುದಕ್ಕಿಂತ, ಓದದೇ ಇರುವ ಗೆಳೆಯನಿಗೆ ಆ ಕಥೆಯನ್ನು ಹೇಳುವಂತೆ ಮಾಡಿ, ಪಕ್ಕದಲ್ಲಿ ಕೂತು ಕೇಳಿ. ಏನನ್ನು ಬಿಟ್ಟು ಹೇಳಿದರು, ಎಲ್ಲಿ ದನಿ ಏರಿತು, ಯಾರ ಹೆಸರು ಮರೆಯಿತು ಎಂಬುದನ್ನು ಗುರುತು ಮಾಡಿಕೊಳ್ಳಿ. ಸಣ್ಣವರು ಘಟನೆಗಳನ್ನೆಲ್ಲ ಸರಿಯಾಗಿ ಹೇಳಿ, ನಿಮಗೆ ಮುಖ್ಯವೆನಿಸಿದ ಒಳತೋಟಿಯನ್ನು ಪೂರ್ತಿ ಬಿಟ್ಟರೆ ಎರಡರ್ಥವಿದೆ: ಒಳತೋಟಿ ಬೇಕಾಗಿರಲಿಲ್ಲ, ಇಲ್ಲವೇ ಪುಸ್ತಕ ಅವರದಲ್ಲ. ಯಾವುದೆಂದು ತಿಳಿಯಲು ದೊಡ್ಡ ಮಕ್ಕಳ ಮಾತು ಕೇಳಬೇಕು. ಹತ್ತನೇ ಇಯತ್ತೆಯವರು ಆ ಒಳತೋಟಿಯನ್ನೇ ಹಿಡಿದು ‘ಅವ್ರಪ್ಪ ಹಂಗ ಮಾಡಬಾರದಿತ್ತು’ ಎಂದು ತಮ್ಮತಮ್ಮಲ್ಲಿ ವಾದಕ್ಕಿಳಿದರೆ ಉತ್ತರ ಸಿಕ್ಕಂತೆಯೇ. ಓದಲು ನಿರಾಕರಿಸಿ ಪ್ರತಿ ಹಿಂದಿರುಗಿಸಿದ ಮಗುವಿನ ಹೆಸರನ್ನೂ ಬರೆದಿಟ್ಟುಕೊಂಡು, ಎಷ್ಟನೇ ಪುಟದಲ್ಲಿ ನಿಲ್ಲಿಸಿತು ಎಂದು ಮೆಲ್ಲಗೆ ಕೇಳಿ. ಆ ಪುಟದಲ್ಲಿ ಹೆಚ್ಚಾಗಿ ಲೇಖಕರ ಉಪದೇಶವೋ, ಒಂದೂವರೆ ಪುಟದ ಊರಿನ ವರ್ಣನೆಯೋ ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಗುಂಪಿನ ಮಕ್ಕಳೂ ಮೆಚ್ಚಿದರೆ, ಅಥವಾ ಪರೀಕ್ಷೆಗಳ ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ, ಮೊದಲ ಹೆಜ್ಜೆಯ ಎರಡು ವಾಕ್ಯಗಳಿಗೆ ಮರಳಿ, ಅಲ್ಲಿ ಏನಿದೆಯೋ ಅದರಂತೆ ನಡೆಯಿರಿ. ವಯಸ್ಸು, ಪುಟ, ಭಾಷೆ ಇವುಗಳನ್ನೆಲ್ಲ ತಿದ್ದಬಹುದು. ಪಾತ್ರದ ಪ್ರಶ್ನೆಯನ್ನು ತಿದ್ದಿದರೆ ಅದು ಬೇರೆಯೇ ಕಾದಂಬರಿಯಾಗುತ್ತದೆ.

ಪ್ರಕಾಶಕರಿಗೆ ಬರೆಯುವಾಗ

ಹಸ್ತಪ್ರತಿಯ ಜೊತೆಗಿನ ಪತ್ರದಲ್ಲಿ ‘ಎಲ್ಲ ವಯಸ್ಸಿನವರೂ ಓದಬಹುದಾದ ಕೃತಿ’ ಎಂದು ಬರೆಯಬೇಡಿ. ಕನ್ನಡದಲ್ಲಿ ಹದಿಹರೆಯದವರಿಗೆಂದು ಬೇರೆ ಮಾಲಿಕೆ ಇಟ್ಟುಕೊಂಡಿರುವ ಪ್ರಕಾಶಕರು ಕಡಿಮೆ, ಹೀಗಾಗಿ ಪುಸ್ತಕ ಯಾರಿಗೆಂಬುದನ್ನು ನೀವೇ ಸ್ಪಷ್ಟವಾಗಿ ತಿಳಿಸಬೇಕಾಗುತ್ತದೆ. ಮುಖ್ಯಪಾತ್ರದ ವಯಸ್ಸು, ಯಾವ ಇಯತ್ತೆಯ ಓದುಗರಿಗೆ, ಅಂದಾಜು ಪುಟ, ಚಿತ್ರಗಳು ಬೇಕೋ ಬೇಡವೋ, ಕಥೆಯಲ್ಲಿ ಬರುವ ಕಠಿಣ ವಿಷಯಗಳು ಯಾವುವು, ಯಾವ ಇಯತ್ತೆಯ ಮಕ್ಕಳಿಗೆ ಓದಿಸಿ ನೋಡಿದ್ದೀರಿ, ಇಷ್ಟನ್ನು ಒಂದೇ ಪುಟದಲ್ಲಿ ಬರೆಯಿರಿ. ಹದಿಹರೆಯದವರ ಕಾದಂಬರಿಯಾಗಿದ್ದರೆ ರಕ್ಷಾಪುಟಕ್ಕೆ ಗಾಳಿಪಟ, ಚಿಟ್ಟೆ, ನಗುವ ಸೂರ್ಯನ ಚಿತ್ರ ಹಾಕದಂತೆ ಅದೇ ಪತ್ರದಲ್ಲಿ ವಿನಂತಿಸಿಕೊಳ್ಳಿ. ಒಳಗಿನ ಕಥೆ ಎಷ್ಟೇ ಗಟ್ಟಿಯಿದ್ದರೂ ಅಂಥ ಚಿತ್ರವಿರುವ ಪುಸ್ತಕವನ್ನು ಒಂಬತ್ತನೇ ಇಯತ್ತೆಯ ಹುಡುಗ ಗೆಳೆಯರೆದುರು ಕೈಗೆತ್ತಿಕೊಳ್ಳುವುದಿಲ್ಲ. ಬೆನ್ನಪುಟದಲ್ಲಿ ವಯಸ್ಸನ್ನು ಅಚ್ಚು ಮಾಡುವುದಕ್ಕಿಂತ ‘ಪ್ರೌಢಶಾಲೆ ಮತ್ತು ಪಿಯುಸಿ ಓದುಗರಿಗೆ’ ಅಥವಾ ‘ನಾಲ್ಕರಿಂದ ಏಳನೇ ಇಯತ್ತೆಯ ಓದುಗರಿಗೆ’ ಎಂದು ಮುದ್ರಿಸಿದರೆ ಶಾಲೆಗೆ ಪುಸ್ತಕ ಆರಿಸುವ ಶಿಕ್ಷಕರಿಗೂ, ಕಪಾಟಿನಲ್ಲಿ ಜೋಡಿಸುವ ಗ್ರಂಥಪಾಲಕರಿಗೂ ಗೊಂದಲವಾಗದು.